ಬಾಡಿಗೆ ಸರ್ವರಿನಲ್ಲಿ ಅಣ್ಣನ ಮೀನಮೇಷ

ನಮ್ಮಣ್ಣ ಇಡೀ ಊರಿನವರಿಗೆ ಕೇಳುವುದು ಒಂದೇ ಪ್ರಶ್ನೆ. "ಮೊದಲನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?"

ನಮ್ಮದು ಕನ್ನಡಕದ ಅಂಗಡಿ. ಒಳಗಿನ ಕೋಣೆಯಲ್ಲಿ ದೀಪ ಸಣ್ಣದು ಮಾಡಿಕೊಂಡು ಅವನು ಕಣ್ಣು ಪರೀಕ್ಷೆ ಮಾಡುತ್ತಾನೆ. ಹೊರಗಿನ ಕೌಂಟರು ನನ್ನದು. ಫ್ರೇಮು ತೋರಿಸುವುದು, ಲೆನ್ಸಿನ ಅಂಚು ಉಜ್ಜುವುದು, ಇರುವೆ ಗಾತ್ರದ ಸ್ಕ್ರೂ ಬಿಗಿಯುವುದು, "ನಾನೇನೂ ಮಾಡಿಲ್ಲಮ್ಮ, ತಾನಾಗೇ ಮುರೀತು" ಎಂದು ಬರುವವರ ಜತೆ ಜಗಳಕ್ಕೆ ನಿಲ್ಲುವುದು, ಎಲ್ಲ ನನ್ನ ಇಲಾಖೆ. ಅಣ್ಣ ಜಗಳಕ್ಕೆ ಬರುವವನಲ್ಲ. ಜಗಳ ಶುರುವಾದರೆ ಒಳಗಿನ ಪರದೆ ಎಳೆದುಕೊಂಡು, ಆಗಲೇ ಫಳಫಳ ಹೊಳೆಯುತ್ತಿರುವ ಲೆನ್ಸುಗಳನ್ನು ಮತ್ತೊಮ್ಮೆ ಒರೆಸುತ್ತಾನೆ.

ಅಪ್ಪ ನಮ್ಮಿಬ್ಬರಿಗೂ ಕೆಲಸ ಕಲಿಸಿದರು. ಕಲಿಸುವಾಗ ಒಂದು ಮಾತನ್ನು ದಿನಾ ಹೇಳುತ್ತಿದ್ದರು. "ಕೂತವರ ಕಣ್ಣು ಕೂತವರದ್ದು. ಯಾವುದು ಚೆನ್ನಾಗಿ ಕಾಣುತ್ತೆ ಅನ್ನೋದು ಅವರ ಬಾಯಿಂದಲೇ ಬರಬೇಕು. ನೀವು ಹೇಳಿಕೊಟ್ಟಿರೋ, ಪವರ್ ತಪ್ಪುತ್ತೆ." ಈ ಪಾಠದಲ್ಲಿ ನಾನು ಫೇಲು. ಎದುರಿಗಿದ್ದವರು ಎರಡು ಸಲ "ಊಂ… ಎರಡೂ ಒಂದೇ ಥರ" ಅಂದರೆ ಸಾಕು, "ಎರಡನೇದೇ ಚೆನ್ನಾಗಿದೆ ಅನ್ನಿ ಅತ್ಲಾಗೆ" ಎಂದುಬಿಡುತ್ತಿದ್ದೆ. ಅಪ್ಪ ನನ್ನನ್ನು ಕೌಂಟರಿಗೆ ಅಟ್ಟಿದರು. ಅಣ್ಣನೋ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ, ಅಂಗಡಿ ಬಾಗಿಲು ಹಾಕಿದ ಮೇಲೂ ಬಿಡಲಿಲ್ಲ. ಹೋಟೆಲಿನಲ್ಲಿ ಕೂತರೆ "ನೀನೇನು ತಗೋತೀಯ ಪುಟ್ಟಿ, ನನಗೂ ಅದೇ ಇರಲಿ" ಅನ್ನುತ್ತಿದ್ದ. ಬಟ್ಟೆ ಅಂಗಡಿಯಲ್ಲಿ ಎರಡು ಶರಟು ಎತ್ತಿ ಹಿಡಿದು ನನ್ನ ಕಡೆ ತಿರುಗುತ್ತಿದ್ದ. ಮದುವೆ ಮಾತು ಎತ್ತಿದಾಗಲೆಲ್ಲ "ನೋಡೋಣ" ಎಂದ. ನೋಡುತ್ತ ನೋಡುತ್ತ ನಲವತ್ತೈದು ದಾಟಿತು. ತನಗೆ ಇಂಥದ್ದು ಬೇಕು ಎಂದು ಅವನು ಬಾಯಿ ಬಿಟ್ಟು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಅಂಥವನ ಕುರ್ಚಿಗೆ ಒಂದು ದಿನ ಈಜು ಟೀಚರ್ ಬಂದು ಕೂತರು.

ಸರ್ಕಾರಿ ಈಜುಕೊಳದಲ್ಲಿ ಕಲಿಸುವ ಹೆಣ್ಣುಮಗಳು. ನೀರಿನಲ್ಲಿ ಹಾಕಿಕೊಳ್ಳಲು ಪವರ್ ಇರುವ ಗಾಗಲ್ಸ್ ಬೇಕಿತ್ತು. "ಆ ತುದೀಲಿ ಯಾರು ಈಜ್ತಿದ್ದಾರೆ, ಯಾರು ಬರೀ ನೆಲಕ್ಕೆ ಕಾಲೂರಿ ನಡ್ಕೊಂಡು ಬರ್ತಿದ್ದಾರೆ, ನನಗೆ ಕಾಣಲ್ಲ ಸರ್. ಎಲ್ಲರಿಗೂ ಭೇಷ್ ಅಂತಿದ್ದೀನಿ!" ಎಂದು ನಕ್ಕರು. ಎಂಥ ನಗು ಅಂತೀರಿ! ಶೋಕೇಸಿನ ಗಾಜು ಅಲುಗಾಡಿತು. ಹತ್ತಿಪ್ಪತ್ತು ನಿಮಿಷಕ್ಕೆ ಮುಗಿಯುವ ಪರೀಕ್ಷೆ ಆವತ್ತು ಮುಗಿಯಲೇ ಇಲ್ಲ. ಪರದೆಯ ಆಚೆಯಿಂದ ಅಣ್ಣನ "ಮೊದಲನೇದಾ, ಎರಡನೇದಾ" ಮತ್ತು ಅವರ "ಇನ್ನೊಂದು ಸಲ ತೋರಿಸಿ ಸರ್" ಕೇಳುತ್ತಲೇ ಇತ್ತು. ಹೊರಗೆ ಕಾಯುತ್ತಿದ್ದವರು ಎದ್ದು ಹೋದರು.

ಆಮೇಲೆ ಗಾಗಲ್ಸಿನ ಪಟ್ಟಿ ಶುರುವಾಯಿತು. ಒಂದು ವಾರ ಪಟ್ಟಿ ಸಡಿಲ, ಮುಂದಿನ ವಾರ ಬಿಗಿ. ರಬ್ಬರಿನ ಪಟ್ಟಿ, ಎಳೆದರೆ ಬರುತ್ತೆ, ಬಿಟ್ಟರೆ ಹೋಗುತ್ತೆ, ಅದನ್ನು ಸರಿಮಾಡಲು ಅಣ್ಣನಿಗೆ ಅರ್ಧ ಗಂಟೆ ಬೇಕು. ಅವರು "ಸರ್" ಅನ್ನುತ್ತಾರೆ, ಇವನು "ಟೀಚರ್" ಅನ್ನುತ್ತಾನೆ. ಕೊಳದಲ್ಲಿ ಸ್ಪರ್ಧೆ ನಡೆದರೆ ಇವನು ಗೆದ್ದವರಿಗೆ ಗಾಗಲ್ಸ್ ಕೊಡುವ ನೆಪದಲ್ಲಿ ಬಿಳಿ ಶರಟು ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಹೀಗೆ ಎರಡು ವರ್ಷ! ನಾನು ಕಣ್ಣು ಮಿಟುಕಿಸಿ ಸಾಕಾಯಿತು, ಕೆಮ್ಮಿ ಸಾಕಾಯಿತು, ಬೇಕೆಂದೇ ಅವರಿಬ್ಬರನ್ನು ಬಿಟ್ಟು ಎದುರಿನ ಅಂಗಡಿಗೆ ಚಿಲ್ಲರೆ ತರಲು ಹೋಗಿ ಹೋಗಿ ಕಾಲು ನೋವು ಬಂತು.

ಹಾಗಿರುವಾಗ ಟೀಚರ್ ಒಂದು ಬೆಳಗ್ಗೆ ಬಂದು, ಪಟ್ಟಿಯ ಮಾತೇ ಎತ್ತದೆ, ಕೌಂಟರಿಗೆ ಮೊಣಕೈ ಊರಿ ನಿಂತರು. ದೂರದ ಊರೊಂದರಲ್ಲಿ ಹೊಸ ಈಜುಕೊಳ ಕಟ್ಟಿದ್ದಾರಂತೆ, ಇವರಿಗೆ ಅಲ್ಲಿ ಮುಖ್ಯ ತರಬೇತಿಯ ಕೆಲಸ ಸಿಕ್ಕಿದೆಯಂತೆ, ತಿಂಗಳ ಕೊನೆಗೆ ಹೊರಡಬೇಕಂತೆ. ದೂರ ಎಂದರೆ ರೈಲಿನಲ್ಲಿ ಹಗಲು ಪೂರ್ತಿ ಕೂರಬೇಕು. ಹೇಳಿದ್ದು ನನಗೆ, ನೋಡಿದ್ದು ಅಣ್ಣನನ್ನು. ಅಣ್ಣ ಕೈಯಲ್ಲಿದ್ದ ಲೆನ್ಸನ್ನು ಒರೆಸಿದ, ತಿರುಗಿಸಿ ಒರೆಸಿದ, ಬೆಳಕಿಗೆ ಹಿಡಿದು ನೋಡಿದ.

"ಒಳ್ಳೇದಾಯ್ತು ಟೀಚರ್" ಎಂದ.

"ಹೂಂ ಸರ್" ಎಂದರು ಅವರು.

ನನಗೆ ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅನ್ನಿಸಿತು. ವಿಷಯ ಇಷ್ಟೇ. ತಿಂಗಳ ಕೊನೆಯೊಳಗೆ ನಮ್ಮಣ್ಣ ಬಾಯಿ ಬಿಡಬೇಕು. ಬಿಡದಿದ್ದರೆ ಟೀಚರ್ ರೈಲು ಹತ್ತುತ್ತಾರೆ, ಇವನು ಉಳಿದ ಜೀವಮಾನವೆಲ್ಲ ಪರದೆಯ ಹಿಂದೆ ಗಾಜು ಒರೆಸುತ್ತಾ ಕೂರುತ್ತಾನೆ.

ಮಾರನೇ ದಿನ ಅವನು ಬಾಯಿ ಬಿಟ್ಟ. "ಪುಟ್ಟಿ, ಒಂದು ಸರ್ವರ್ ಬಾಡಿಗೆಗೆ ಹಿಡಿದಿದ್ದೀನಿ" ಎಂದ.

"ಏನು ಹಿಡಿದೆ?"

"ಸರ್ವರ್. ಕ್ಲೌಡಿನಲ್ಲಿ. ಒಂದು ಸಣ್ಣ ಕಂಪ್ಯೂಟರ್ ಅನ್ಕೋ. ಎಲ್ಲೋ ಒಂದು ಕಟ್ಟಡದಲ್ಲಿ ಇರುತ್ತೆ, ಯಾವಾಗಲೂ ಓಡ್ತಾನೇ ಇರುತ್ತೆ. ಅದರಲ್ಲಿ ನಮ್ಮದೇ ಚಾಟು, ನಮ್ಮದೇ ಫೋಟೋ ಆಲ್ಬಮ್ಮು, ನಮ್ಮದೇ ಕ್ಯಾಲೆಂಡರು, ಏನು ಬೇಕೋ ಅದನ್ನ ನಾವೇ ಹಾಕ್ಕೊಂಡು ನಾವೇ ನಡೆಸಬಹುದು."

"ಅಯ್ಯೋ, ಅದೆಲ್ಲ ಫೋನಲ್ಲೇ ಬಿಟ್ಟಿ ಸಿಗುತ್ತಲ್ಲ ಅಣ್ಣಾ!"

"ಅದು ಯಾರದ್ದೋ ಮನೆ ಪುಟ್ಟಿ. ಅವರಿಗೆ ಮನಸ್ಸು ಬಂದ ದಿನ ಬಾಗಿಲು ಹಾಕ್ಕೊಂಡು ಹೋಗ್ತಾರೆ. ಟೀಚರ್ ಜತೆ ಮಾತಾಡೋಕೆ ಯಾರದ್ದೋ ಮನೇಲಿ ಹೋಗಿ ಯಾಕೆ ಕೂರಬೇಕು?"

ಟೀಚರ್ ಇನ್ನೂ ಊರು ಬಿಟ್ಟಿಲ್ಲ, ನಡೆದುಕೊಂಡು ಹೋದರೆ ಈಜುಕೊಳ ಎರಡು ಬೀದಿ ಆಚೆ, ಇವನು ಆಗಲೇ ಅವರು ಹೋದ ಮೇಲೆ ಮಾತಾಡುವುದಕ್ಕೆ ಮನೆ ಹುಡುಕಿದ್ದಾನೆ! ಸಿಟ್ಟು ನೆತ್ತಿಗೇರಿತು. ಆದರೆ ಅವನ ಮುಖದಲ್ಲಿ ಎಂಥ ಕಳೆ ಇತ್ತೆಂದರೆ ಬೈಯಲು ಮನಸ್ಸು ಬರಲಿಲ್ಲ. ಕೂದಲು ಕೆದರಿತ್ತು, ಎಡಗಾಲಿಗೆ ಒಂದು ಚಪ್ಪಲಿ, ಬಲಗಾಲಿಗೆ ಇನ್ನೊಂದು. ಪ್ರಾಣಿ ಖುಷಿಯಾಗಿತ್ತು.

ಖುಷಿ ಸರಿ, ಆದರೆ ಆ ಸರ್ವರಿನಲ್ಲಿ ಏನೇನು ಹಾಕುವುದು? ಅಲ್ಲಿಗೆ ಬಂತು ನೋಡಿ ಗ್ರಹಚಾರ. ಅಣ್ಣ ಹಿಡಿದದ್ದು ಇದ್ದುದರಲ್ಲೇ ಸಣ್ಣದು, ಎರಡು ಜಿಬಿ ಮೆಮೊರಿಯದು. "ಒಂದೇ ಕೋಣೆ ಮನೆ ಇದ್ದ ಹಾಗೆ ಪುಟ್ಟಿ. ಮಂಚ ಹಾಕಿದ್ರೆ ಮೇಜಿಗೆ ಜಾಗ ಇಲ್ಲ. ಆರಿಸ್ಕೋಬೇಕು" ಎಂದು ತಾನೇ ವಿವರಿಸಿದ. ಜೀವಮಾನದಲ್ಲಿ ಒಂದು ಶರಟು ಆರಿಸದವನು ಇದನ್ನು ಆರಿಸುತ್ತಾನಂತೆ! ನನಗೆ ಆಗಲೇ ತಲೆ ಸುತ್ತಿತು.

ಅಂದುಕೊಂಡ ಹಾಗೇ ಆಯಿತು. ಅವನು ನನ್ನನ್ನು ಒಳಗಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ದೀಪ ಸಣ್ಣದು ಮಾಡಿ, ಓದುವ ಅಂತರಕ್ಕೆ ಸರಿಯಾಗಿ ಫೋನು ಹಿಡಿದ.

"ಈ ಚಾಟು ನೋಡು… ಈಗ ಈ ಚಾಟು. ಮೊದಲನೇದಾ, ಎರಡನೇದಾ?"

"ಎರಡೂ ಒಂದೇ ಥರ ಇದೆ."

"ಅವಸರ ಮಾಡ್ಬೇಡ. ಇನ್ನೊಂದು ಸಲ ತೋರಿಸ್ತೀನಿ. ಕಣ್ಣು ಒಮ್ಮೆ ಮುಚ್ಚಿ ತೆಗಿ."

ಹೊರಗೆ ಗ್ರಾಹಕರು ಕೆಮ್ಮುತ್ತಿದ್ದರು. ಒಳಗೆ ನಾನು ಗೊಂಬೆಯ ಹಾಗೆ ಕಣ್ಣು ಮುಚ್ಚಿ ತೆಗೆಯುತ್ತಿದ್ದೆ. ಅಣ್ಣನಿಗೆ ಅಂತರ್ಜಾಲದಲ್ಲಿ ಇಂಥದ್ದೇ ಹುಚ್ಚಿನವರ ದೊಡ್ಡ ಗುಂಪೇ ಸಿಕ್ಕಿತ್ತು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಇವನು ಅಷ್ಟನ್ನೂ ಹಾಕಿ ನೋಡುತ್ತಾನೆ. ಬೆಳಗ್ಗೆ ಹಾಡು ಕೇಳಿಸುವುದು ಹಾಕಿದ, ಮಧ್ಯಾಹ್ನ ತೆಗೆದ. ಸುದ್ದಿಗಳನ್ನೆಲ್ಲ ಒಂದೇ ಕಡೆ ತಂದು ಸುರಿಯುವುದು ಹಾಕಿದ, ಸಂಜೆಗೆ ಅದೂ ಹೋಯಿತು. ಟಿಪ್ಪಣಿ ಬರೆದಿಡುವುದು ಬಂತು, ಬರೆಯಲು ಏನೂ ಇರಲಿಲ್ಲ. ಪ್ರತಿಯೊಂದಕ್ಕೂ ಅವನದೊಂದು ಪ್ರಶ್ನೆ ಇತ್ತು. "ಇದು ಒಂದು ದಿನ ನಿಂತುಹೋದ್ರೆ ಯಾರಿಗೆ ತೊಂದರೆ?" ಯಾರಿಗೂ ಇಲ್ಲ ಎಂದರೆ ತೆಗೆದುಬಿಡುತ್ತಿದ್ದ.

ಸುಳ್ಳು ಹೇಳಬಾರದು, ಆರಿಸುವ ವಿದ್ಯೆ ಅವನಿಗೆ ನಿಧಾನವಾಗಿ ಬರುತ್ತಿತ್ತು. "ಇ-ಮೇಲನ್ನ ಸ್ವಂತಕ್ಕೆ ಇಟ್ಕೋಬಾರದಂತೆ ಪುಟ್ಟಿ. ನಮ್ಮ ಮನೆಯಿಂದ ಹೊರಟಿದ್ದನ್ನ ದೊಡ್ಡ ಕಂಪನಿಯವರು ನೋಡದೇ ಕಸದ ಬುಟ್ಟಿಗೆ ಹಾಕ್ತಾರಂತೆ" ಎಂದು ಅದನ್ನು ಮುಟ್ಟಲೇ ಇಲ್ಲ. ಪಾಸ್‌ವರ್ಡುಗಳನ್ನೆಲ್ಲ ಕಾಪಾಡುವ ಪೆಟ್ಟಿಗೆಯೊಂದನ್ನು ಹಾಕಲು ಹೋಗಿ ತಾನೇ ನಿಂತ. "ಬೀಗದ ಕೈನ ಮನೆ ಒಳಗೇ ಇಟ್ಟು, ಬಾಗಿಲು ಹಾಕ್ಕೊಂಡುಬಿಟ್ರೆ?" ಎಂದ. ಇಷ್ಟು ಬುದ್ಧಿ ಇರುವವನಿಗೆ ಎರಡು ಬೀದಿ ಆಚೆ ನಡೆದು ಹೋಗಿ ಒಂದು ಮಾತು ಆಡುವ ಬುದ್ಧಿ ಇಲ್ಲವಲ್ಲ ಎಂದು ನಾನು ಹಲ್ಲು ಕಡಿದೆ.

ಕ್ಯಾಲೆಂಡರು ಮಾತ್ರ ನಮ್ಮನೆಯವರಿಗೆ ಬಹಳ ಹಿಡಿಸಿತು. ನಮ್ಮನೆಯವರು ಬಸ್ ಡ್ರೈವರು, ಪಾಳಿ ದಿನಕ್ಕೊಂದು ಥರ. ಈಗ ಅವರ ಪಾಳಿ ಹಸಿರು ಬಣ್ಣದಲ್ಲಿ, ಅಂಗಡಿಯ ಹೊತ್ತು ಹಳದಿಯಲ್ಲಿ ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು. ಮುಂದಿನ ತಿಂಗಳಿಂದ ಆಚೆಗೆ ನೀಲಿ ಬಣ್ಣದಲ್ಲಿ ಇನ್ನೇನೋ ಇತ್ತು. "ಇದೇನು ಭಾವ?" ಎಂದು ನಮ್ಮನೆಯವರು ಕೇಳಿದರು. ಅಣ್ಣ ಕೆಂಪಗಾದ. ಹೊಸ ಊರಿನಲ್ಲಿ ಟೀಚರ್ ಯಾವ ಹೊತ್ತಿಗೆ ಯಾರಿಗೆ ಪಾಠ ಮಾಡುತ್ತಾರೆ, ಯಾವಾಗ ಬಿಡುವು, ಎಲ್ಲ ಕೇಳಿ ತಿಳಿದು ತುಂಬಿಸಿದ್ದ. ಬಿಡುವಿನ ಹೊತ್ತಿಗೆ ಸರಿಯಾಗಿ "ವಿಡಿಯೋ ಕರೆ" ಎಂದು ಬರೆದಿದ್ದ.

ಇನ್ನು ಫೋಟೋದ ಕಥೆ ಕೇಳಿ. ಮುಖ ನೋಡಿ ಗುರುತು ಹಿಡಿದು, ಒಬ್ಬೊಬ್ಬರ ಫೋಟೋಗಳನ್ನು ಬೇರೆ ಬೇರೆ ಜೋಡಿಸುವ ಒಂದು ಸಾಫ್ಟ್‌ವೇರು ಹಾಕಿದ. ಅದು ತಿಣುಕಿ ತಿಣುಕಿ ಕೆಲಸ ಮುಗಿಸಿ, ನಮ್ಮನೆಯವರನ್ನೂ, ಶೋಕೇಸಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿ ನಿಲ್ಲಿಸಿರುವ ಗೊಂಬೆಯ ತಲೆಯನ್ನೂ ಒಬ್ಬರೇ ಎಂದು ತೀರ್ಮಾನ ಕೊಟ್ಟಿತು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಮ್ಮನೆಯವರು ಬೇಜಾರು ಮಾಡಿಕೊಳ್ಳದೆ ಬೋಳು ತಲೆ ಸವರಿಕೊಂಡು, "ಅದಕ್ಕೂ ಕೂದಲಿಲ್ಲ, ನನಗೂ ಇಲ್ಲ. ಅದೂ ಮಾತಾಡಲ್ಲ, ಮನೇಲಿ ನನಗೂ ಮಾತಾಡೋಕೆ ಬಿಡಲ್ಲ. ತಪ್ಪೇನು ಹೇಳ್ತು?" ಎಂದರು. ನಾನು ಅವರಿಗೆ ಲೆನ್ಸು ಒರೆಸುವ ಬಟ್ಟೆಯಲ್ಲಿ ಹೊಡೆದೆ.

ಮುಂದಿನ ಗುಂಪಿನಲ್ಲಿ ಬರೀ ಟೀಚರ್. ಸ್ಪರ್ಧೆಯ ದಿನ ಸೀಟಿ ಊದುತ್ತಿರುವವರು, ಒದ್ದೆ ಕೂದಲಿನವರು, ನಮ್ಮ ಅಂಗಡಿಯ ಒಂದೊಂದೇ ಫ್ರೇಮು ಹಾಕಿಕೊಂಡು ಕನ್ನಡಿಗೆ ಮುಖ ಊದಿಸಿ ತೋರಿಸುತ್ತಿರುವವರು. ನನ್ನವು ಕೂಡ ಅಷ್ಟು ಫೋಟೋ ಇರಲಿಲ್ಲ. ಮೇಲೆ ಆ ಸಾಫ್ಟ್‌ವೇರು ಖಾಲಿ ಚೌಕ ತೋರಿಸಿ ಕೇಳಿತು: ಇವರು ಯಾರು? ನಾನು ಅವನ ಭುಜದ ಮೇಲಿಂದ ಬಗ್ಗಿ ನೋಡಿದೆ. ಅಣ್ಣ ಕೀಲಿಮಣೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿ, "ಗ್ರಾಹಕರು" ಎಂದು ಬರೆದ.

"ಅಣ್ಣಾ!" ನಾನು ಕಿರುಚಿದ್ದಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಗ್ರಾಹಕರಾ? ಗ್ರಾಹಕರಾ ಅವರು? ಯಾವ ಗ್ರಾಹಕರಿಗೆ ನೀನು ವಾರಕ್ಕೊಂದು ಸಲ ರಬ್ಬರ್ ಪಟ್ಟಿ ಎಳೆದು ಬಿಡ್ತೀಯ? ಸರ್ವರ್ ಅಂತೆ, ಕ್ಯಾಲೆಂಡರ್ ಅಂತೆ! ಹೋಗಬೇಡಿ ಅಂತ ಒಂದು ಮಾತು ಹೇಳೋಕೆ ನಿನಗೆ ಯಾವ ಸಾಫ್ಟ್‌ವೇರು ಬೇಕು?"

ಅವನು ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿದ. ಆಮೇಲೆ ಮೆಲ್ಲಗೆ, "ನಾನು ಹೇಳಿಕೊಟ್ಟ ಹಾಗೆ ಆಗಬಾರದು ಪುಟ್ಟಿ. ಅವರಿಗೆ ಒಳ್ಳೇ ಕೆಲಸ ಸಿಕ್ಕಿದೆ. ನಾನು ಏನೋ ಅಂದು, ನನ್ನ ಮುಖ ನೋಡಿ ಅವರು ಹೂಂ ಅಂದು, ಆಮೇಲೆ ಜೀವನಪೂರ್ತಿ ಅವರಿಗೆ ಸರಿಯಾಗಿ ಕಾಣದೇ ಹೋದ್ರೆ? ಅವರ ಬಾಯಿಂದಲೇ ಬರಲಿ" ಎಂದ. ಅಪ್ಪ ಬದುಕಿದ್ದರೆ ಅವರಿಗೂ ಸೇರಿಸಿ ಬೈಯುತ್ತಿದ್ದೆ.

ಸರಿ, ಅವರ ಬಾಯಿಂದಲೇ ಬರಿಸೋಣ ಎಂದು ನಾನು ಈಜುಕೊಳಕ್ಕೆ ಹೋದೆ. ಟೀಚರ್ ಕೊಳದ ಅಂಚಿನಲ್ಲಿ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದರು. ಎದುರಿಗೆ ಮೆಟ್ಟಿಲ ಮೇಲೆ ದಪ್ಪ ಮೀಸೆಯ ಗುಮಾಸ್ತರೊಬ್ಬರು ಕಂಬಿ ಹಿಡಿದುಕೊಂಡು ನಡುಗುತ್ತಿದ್ದರು. ಹತ್ತಿರ ಹತ್ತಿರ ಒಂದು ವಾರದಿಂದ ಹಾಗೇ ನಿಲ್ಲುತ್ತಿದ್ದಾರಂತೆ. ಟೀಚರ್ ಅವರನ್ನು ಅವಸರಪಡಿಸುತ್ತಿರಲಿಲ್ಲ.

"ರೀ ಟೀಚರ್, ಸುಮ್ನೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಲ್ಲ ನಾನು. ನಿಮಗೆ ನಮ್ಮಣ್ಣ ಅಂದ್ರೆ ಇಷ್ಟ ತಾನೇ?" ಎಂದೆ.

"ಹೌದು" ಎಂದರು, ಗುಮಾಸ್ತರ ಮೇಲಿನ ಕಣ್ಣು ತೆಗೆಯದೆ. ಅಷ್ಟು ಸಲೀಸಾಗಿ!

"ಮತ್ತೆ ಹೇಳ್ಬಾರದಾ ಅವನಿಗೆ?"

"ನೋಡಿ, ಇಷ್ಟು ವರ್ಷ ಆಯ್ತು, ನಾನು ಯಾರನ್ನೂ ನೀರಿಗೆ ತಳ್ಳಿಲ್ಲ. ತಳ್ಳಿಸಿಕೊಂಡವರು ಈಜು ಕಲೀತಾರೆ, ಆದರೆ ನೀರಿನ ಮೇಲೆ ಪ್ರೀತಿ ಬರಲ್ಲ. ಅವರೇ ಇಳೀಬೇಕು. ನಾನು ಕಾಯ್ತೀನಿ. ಇಳೀತಾರೆ ಅಂತ ಎರಡು ವರ್ಷದಿಂದ ಕಾಲು ನೆನೆಸಿಕೊಂಡು ಕೂತಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಗಿತ್ತು, ಕೊಳದ ನೀರಿನಿಂದಲೋ ಏನೋ. "ನೀವು ಹೋಗಿ ಅವರಿಗೆ ಹೇಳಿಕೊಟ್ಟಿರೋ, ನಿಮ್ಮನ್ನ ಮಾತಾಡಿಸಲ್ಲ ನಾನು."

ಆಯಿತಲ್ಲ! ಒಬ್ಬರು ಹೇಳಿಕೊಡುವುದಿಲ್ಲ, ಇನ್ನೊಬ್ಬರು ತಳ್ಳುವುದಿಲ್ಲ. ಮಧ್ಯದಲ್ಲಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ನಮ್ಮನೆಯವರು, "ಇಬ್ಬರೂ ಒಳ್ಳೆಯವರು ಕಣೇ, ಅದೇ ತೊಂದರೆ" ಎಂದರು.

ಟೀಚರ್ ಹೊರಡುವ ವಾರ ಬಂತು. ಅಣ್ಣ ಕೊನೆಗೂ ನಾಲ್ಕನ್ನು ಉಳಿಸಿಕೊಂಡಿದ್ದ: ಚಾಟು, ಫೋಟೋ, ಕ್ಯಾಲೆಂಡರು, ವಿಡಿಯೋ ಕರೆ. ನಾಲ್ಕೂ ಟೀಚರ್ ಫೋನಿನಲ್ಲಿ ನಡೆಯುವಂತೆ ಮಾಡಿಕೊಡಬೇಕೆಂದು ರಜೆಯ ದಿನ ಬಿಳಿ ಶರಟು ಹಾಕಿಕೊಂಡು, ಲ್ಯಾಪ್‌ಟಾಪು ಎದೆಗೆ ಅವಚಿಕೊಂಡು ಈಜುಕೊಳಕ್ಕೆ ಹೊರಟ. ಫೋನು ಹಿಡಿದುಕೊಳ್ಳಲು ಒಬ್ಬರು ಬೇಕೆಂದು ನಾನೂ ಹೋದೆ. ಹೋಗುವ ಮುಂಚೆ, ಉಪಕಾರ ಮಾಡೋಣ ಎಂದು, ಅಂಗಡಿಯ ಹಳೆಯ ಫೋಟೋಗಳನ್ನೆಲ್ಲ ಒಟ್ಟಿಗೆ ಅವನ ಆಲ್ಬಮ್ಮಿಗೆ ಹತ್ತಿಸಿಬಿಟ್ಟಿದ್ದೆ. ಅದು ಯಾಕೆ ಮಾಡಿದೆನೋ!

ಅಲ್ಲಿ ಹೋಗಿ ನೋಡಿದರೆ ಯಾವುದೂ ತೆರೆಯಲಿಲ್ಲ. ಟೀಚರ್ ಫೋನಿನಲ್ಲಿ ಗುಂಡಗಿನ ಚಕ್ರವೊಂದು ಸುತ್ತುತ್ತಲೇ ಇತ್ತು. ಅಣ್ಣ ಲ್ಯಾಪ್‌ಟಾಪನ್ನು ನೀರಿಗೆ ಹಾರುವ ಕಲ್ಲುಕಟ್ಟೆಯ ಮೇಲಿಟ್ಟು, ತಾನು ಒದ್ದೆ ನೆಲದಲ್ಲಿ ಮಂಡಿಯೂರಿ ಕೂತ. "ನೀನು ಹಾಕಿದ ಫೋಟೋಗಳ ಮುಖ ಗುರುತು ಹಿಡಿಯೋಕೆ ಹೋಗಿ ಮೆಮೊರಿ ಪೂರ್ತಿ ಮುಗಿದಿದೆ ಪುಟ್ಟಿ. ಒಂದನ್ನ ಎಬ್ಬಿಸಿದ್ರೆ ಇನ್ನೊಂದು ಬೀಳ್ತಿದೆ" ಎಂದ. ಕಿವಿಯ ಪಕ್ಕದಲ್ಲಿ ಬೆವರು ಇಳಿಯುತ್ತಿತ್ತು. ಸುತ್ತ ಟೀಚರ್ ಶಿಷ್ಯರು ಟವೆಲ್ ಸುತ್ತಿಕೊಂಡು ನೆರೆದರು.

"ಯಾವುದನ್ನಾದರೂ ತೆಗೀಲೇಬೇಕು ಟೀಚರ್. ಚಾಟು ಇಟ್ಟು ಫೋಟೋ ತೆಗೀಲಾ, ಫೋಟೋ ಇಟ್ಟು ವಿಡಿಯೋ ತೆಗೀಲಾ? ಮೊದಲನೇದಾ, ಎರಡನೇದಾ?"

ಟೀಚರ್ ಟೋಪಿ ತೆಗೆದು ನೀರು ಕೊಡವಿದರು. "ನನ್ನನ್ನ ಯಾಕೆ ಕೇಳ್ತೀರಿ ಸರ್? ಮೆಷಿನ್ ನಿಮ್ಮದು. ನಿಮಗೆ ಯಾವುದು ಬೇಕು?"

"ಅಲ್ಲ, ನಿಮಗೆ ಅನುಕೂಲ ಆಗೋ ಹಾಗೆ…"

"ನನ್ನ ಅನುಕೂಲ ಬಿಡಿ. ನಿಮಗೆ. ನಿಮಗೆ ಏನು ಬೇಕು?"

ಅಣ್ಣ ಲ್ಯಾಪ್‌ಟಾಪಿನ ಪರದೆ ನೋಡಿದ, ಅವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಚಿಕ್ಕಂದಿನ ಅಭ್ಯಾಸ, ಉತ್ತರ ನನ್ನಿಂದ ಬರಲಿ ಎಂದು ನೋಡಿದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ನಾನು ಯಾರದ್ದೋ ಟವೆಲನ್ನು ಕಿತ್ತುಕೊಂಡು ಬಾಯಿಗೆ ಒತ್ತಿ ಹಿಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

"ಯಾವುದೂ ಬೇಡ" ಎಂದ ಅಣ್ಣ.

"ಏನಂದ್ರಿ?"

"ಇದ್ಯಾವುದೂ ಬೇಡ ನನಗೆ. ಚಾಟು ಬೇಡ, ಫೋಟೋ ಬೇಡ, ಕ್ಯಾಲೆಂಡರು ಬೇಡ. ಇವೆಲ್ಲ ನೀವು ಇಲ್ಲದೇ ಇರೋವಾಗ ಬೇಕಾಗೋವು. ನೀವು ಇಲ್ಲದೇ ಇರೋದೇ ಬೇಡ ನನಗೆ. ನೀವು ಬೇಕು."

ಟೀಚರ್ ಕೈಯಲ್ಲಿದ್ದ ಟೋಪಿ ಹಿಂಡಿಕೊಂಡು, "ನಾನು ಹೋಗ್ತೀನಿ ಸರ್. ಆ ಕೆಲಸ ನನಗೆ ಬೇಕು. ಅಂಥ ಕೊಳದಲ್ಲಿ ಕಲಿಸಬೇಕು ಅಂತ ಎಷ್ಟು ವರ್ಷದಿಂದ ಆಸೆಪಟ್ಟಿದ್ದೀನಿ. ಬಿಡೋಕಾಗಲ್ಲ" ಎಂದರು. ನಾನು ಟವೆಲನ್ನು ಬಾಯಿಗೆ ಇನ್ನೂ ಬಲವಾಗಿ ಒತ್ತಿಕೊಂಡೆ.

"ಬಿಡಿ ಅಂತ ನಾನೆಲ್ಲಿ ಅಂದೆ?" ಎಂದ ಅಣ್ಣ. ಅವನ ದನಿ ನನಗೇ ಹೊಸದಾಗಿ ಕೇಳಿಸಿತು. "ನಾನೂ ಬರ್ತೀನಿ. ಕಣ್ಣು ಆ ಊರಿನವರಿಗೂ ಇರುತ್ತಲ್ಲ."

ಟೀಚರ್ ಎರಡು ಹೆಜ್ಜೆ ಮುಂದೆ ಬಂದರು. ಅಪ್ಪಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡೆ. ಅಷ್ಟು ವರ್ಷ ಯಾರೊಬ್ಬರನ್ನೂ ತಳ್ಳದ ಆ ಮಹಾತಾಯಿ, ಎರಡೂ ಕೈ ಅವನ ಎದೆಗಿಟ್ಟು ದೊಬಕ್ಕನೆ ನೀರಿಗೆ ತಳ್ಳಿಬಿಟ್ಟರು! ಬಿಳಿ ಶರಟು ಉಬ್ಬಿಕೊಂಡು ಮೇಲೆ ಬಂತು, ಅದರೊಳಗಿಂದ ಅಣ್ಣ ಬಂದ. ಎದೆಯ ಮಟ್ಟದ ನೀರು. "ಕನ್ನಡಕ ಬಿದ್ದುಹೋಯ್ತು! ಏನೂ ಕಾಣ್ತಿಲ್ಲ!" ಎಂದು ಕೂಗುತ್ತಾ, ಕೆಮ್ಮುತ್ತಾ, ಮಗುವಿನ ಹಾಗೆ ನಗುತ್ತಿದ್ದ. ಟೀಚರ್ "ಎರಡು ವರ್ಷ! ಎರಡು ವರ್ಷ ಸರ್!" ಎನ್ನುತ್ತಾ ತಾವೂ ಹಾರಿದರು. ಶಿಷ್ಯರೆಲ್ಲ ಶಿಳ್ಳೆ ಹೊಡೆದರು. ಆ ಗಲಾಟೆಯಲ್ಲಿ ಮೀಸೆಯ ಗುಮಾಸ್ತರು ತಾವಾಗೇ ನೀರಿಗಿಳಿದು ನಿಂತಿದ್ದನ್ನು ನನ್ನ ಹೊರತು ಯಾರೂ ಗಮನಿಸಲಿಲ್ಲ. ನಾನು ಲ್ಯಾಪ್‌ಟಾಪನ್ನು ತಬ್ಬಿಕೊಂಡು ಕುಣಿದೆ. ಹೌದು, ಕುಣಿದೆ, ಈ ವಯಸ್ಸಿನಲ್ಲಿ.

ಬೀದಿಯುದ್ದಕ್ಕೂ ನಗುತ್ತಾ ಬಂದು ನಮ್ಮನೆಯವರಿಗೆ ಎಲ್ಲವನ್ನೂ ಅಭಿನಯ ಮಾಡಿ ತೋರಿಸಿದೆ. ತಳ್ಳಿದ್ದನ್ನು ತೋರಿಸಲು ಅವರನ್ನೇ ಸೋಫಾದ ಮೇಲೆ ತಳ್ಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಅಲ್ಲಾ, ಭಾವ ಹೋದ ಮೇಲೆ ಅಂಗಡೀಲಿ ನೀನೊಬ್ಬಳೇನಾ?" ಎಂದರು.

ನನ್ನ ನಗು ಅಲ್ಲೇ ನಿಂತಿತು. ಇಷ್ಟು ದಿನ ಬೆನ್ನು ಹತ್ತಿ ಅವನ ಬಾಯಿ ಬಿಡಿಸಿದವಳು ನಾನು. ಬಾಯಿ ಬಿಟ್ಟು ಅವನು ಕೇಳಿಕೊಂಡದ್ದು ನನ್ನನ್ನು ಬಿಟ್ಟು ಹೋಗುವುದನ್ನು. ಅದು ನನಗೆ ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಅವನಿಲ್ಲದ ಒಂದು ದಿನ ಗೊತ್ತಿಲ್ಲ ನನಗೆ. ಮದುವೆಯಾದ ಮೇಲೂ ಎದುರು ಮನೆಯಲ್ಲೇ ಉಳಿದವಳು ನಾನು.

ಟೀಚರ್ ಮೊದಲು ಹೋದರು, ಅಣ್ಣ ಕೆಲವು ವಾರ ಉಳಿದ. ಆ ದಿನಗಳಲ್ಲಿ ನನ್ನನ್ನು ಮತ್ತೆ ಒಳಗಿನ ಕೋಣೆಗೆ ಕರೆದು ಪರೀಕ್ಷೆ ಮಾಡುವುದನ್ನು ತಿದ್ದಿಸಿದ. ನಾನು ತುಟಿ ಕಚ್ಚಿಕೊಂಡು ಕಾಯುವುದನ್ನು ಕಲಿತೆ. ಅವನು ಸೀಟಿ ಹಾಕುತ್ತಾ ಲೆನ್ಸು ಒರೆಸುತ್ತಿದ್ದ. ಶರಟು ತಾನೇ ಆರಿಸಿ ತಂದ, ಕಿತ್ತಳೆ ಬಣ್ಣದ್ದು. ಎಷ್ಟು ಕೆಟ್ಟದಾಗಿತ್ತೆಂದರೆ ನನಗೆ ಅವನ ಮೇಲೆ ಮುದ್ದು ಬಂತು.

ಹೊರಡುವ ಹಿಂದಿನ ಮಧ್ಯಾಹ್ನ, ಗ್ರಾಹಕರು ಇಲ್ಲದ ಹೊತ್ತಿನಲ್ಲಿ, ಲ್ಯಾಪ್‌ಟಾಪು ತಂದು ಕೌಂಟರಿನ ಮೇಲಿಟ್ಟ.

"ಸರ್ವರ್ ಪೂರ್ತಿ ಖಾಲಿ ಮಾಡಿದೆ ಪುಟ್ಟಿ. ಈ ತಿಂಗಳಿಗೆ ಬಾಡಿಗೆ ನಿಲ್ಲಿಸಿಬಿಡೋಣ ಅಂತಿದ್ದೆ." ಮುಚ್ಚಳ ಅರ್ಧ ಮುಚ್ಚಿ, "ನಿನಗೇನಾದರೂ ಬೇಕಾ?" ಎಂದ.

ಆ ಮೆಷಿನ್ನಿಗೆ ನಾನು ಹಾಕದ ಶಾಪ ಇರಲಿಲ್ಲ. ಕೈಯಲ್ಲಿ ಯಾರದ್ದೋ ಫ್ರೇಮು ಇತ್ತು, ಸ್ಕ್ರೂ ಎಷ್ಟು ತಿರುಗಿಸಿದರೂ ಕೂರುತ್ತಿರಲಿಲ್ಲ.

"ಚಾಟು ಹಾಕು" ಎಂದೆ. "ಫೋಟೋನೂ. ಕ್ಯಾಲೆಂಡರೂ ಇರಲಿ, ನಿನ್ನ ಬಿಡುವು ಯಾವಾಗ ಅಂತ ಬರಿ. ವಿಡಿಯೋ ಅಂತೂ ಬೇಕೇ ಬೇಕು."

"ಅಷ್ಟನ್ನೂ ಹಾಕಿದ್ರೆ ಮತ್ತೆ ಕುಸಿದು ಬೀಳುತ್ತೆ ಪುಟ್ಟಿ, ಮೆಮೊರಿ ಸಾಲಲ್ಲ."

"ದೊಡ್ಡದು ಹಿಡಿ" ಎಂದೆ. ಇನ್ನೂ ಏನೋ ಬೈಯಬೇಕೆಂದಿದ್ದೆ, ಅಳು ಬಂದುಬಿಟ್ಟಿತು.